ವಿಭೂತಿ ಹಚ್ಚಿದ ಫ್ಲಾಪಿ

ದೀಪದ ಬತ್ತಿ ಚೂರು ಇಳಿಸಿ... ಸಾಕು. ಈಗ ಕೇಳಿ.

ಇದು ಆದದ್ದು ಶಹರಬಾನುಗೆ. ನಮ್ಮ ಮನೆಗೂ ಅವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರು ಒಗ್ಗರಣೆ ಹಾಕಿದರೆ ಇಲ್ಲಿ ನಮಗೆ ಸೀನು. ಅಂದರೆ ಯಾರೋ ಯಾರಿಗೋ ಹೇಳಿ, ಊರೂರು ತಿರುಗಿ ಬೆಳೆದು ಬಂದ ಕತೆ ಇದಲ್ಲ.

ಎಂಬತ್ತೆಂಟನೆಯ ಇಸವಿ, ಮಹಾನವಮಿಯ ಹಿಂದಿನ ರಾತ್ರಿ. ಶಹರಬಾನು ಒಬ್ಬಳೇ ಮನೆಗೆ ಬರುತ್ತಿದ್ದಳು. ಇಳಕಲ್ಲಿನಲ್ಲಿ ಖಂಡೇ ಪೂಜೆ, ಅದೇ ಆಯುಧಪೂಜೆ, ಬಂತೆಂದರೆ ಮಗ್ಗಗಳು ಬಾಯಿ ಮುಚ್ಚುವ ಹೊತ್ತು. ನಸುಕಿನಲ್ಲಿ ಶುರುವಾದ ಲಟಕ್-ಪಟಕ್, ಲಟಕ್-ಪಟಕ್ ನಾವು ಮಲಗುವವರೆಗೂ ಕಿವಿಯಲ್ಲಿ ಇದ್ದೇ ಇರುತ್ತದೆ, ಇದೆ ಅನ್ನುವುದೂ ಮರೆತುಹೋಗಿರುತ್ತದೆ. ಅದು ನಿಂತಾಗ ಮಾತ್ರ ಗೊತ್ತಾಗುವುದು. ಊರೆಲ್ಲ ಮೈಯೆಲ್ಲ ಕಿವಿಯಾಗಿ ಕೂತಂತೆ ಅನಿಸುತ್ತದೆ.

ಶಾಲೆ ಹಿಂದಿನ ಕಲ್ಲುಬಾವಿ ಗೊತ್ತಲ್ಲ? ಒಂದು ಕಡೆ ಕಟ್ಟೆ ಒಡೆದಿರುವುದು. ಅಲ್ಲಿಗೆ ಬಂದಳು. ಚಪ್ಪಲಿಯ ಚಟ್, ಚಟ್. ಬಾವಿಯ ಒಳಗೆ ಪಾರಿವಾಳದ ಗುಟುರು. ಎಲ್ಲೋ ಒಂದು ಹನಿ ನೀರಿಗೆ ಬಿದ್ದ ಸದ್ದು... ಟುಳಕ್.

ಆಮೇಲೆ, ಹಿಂದಿನಿಂದ...

ಕೂಂ........

ಉದ್ದ, ಸಣ್ಣ, ಒಂದೇ ಎಳೆ. ಊದುವವನ ಉಸಿರು ಮುಗಿಯುವವರೆಗೂ ಊದಿ, ನಡುವೆಯೇ ಬಿಟ್ಟಂಥ ದನಿ.

ಶಹರಬಾನು ನಿಂತಳು. ಆ ದನಿಯನ್ನು ಅವಳು ಅದೇ ಸಂಜೆ ಕೇಳಿದ್ದಳು. ಅದು ಯಾವ ಪೆಟ್ಟಿಗೆಯಿಂದ ಬರುತ್ತದೆ ಎಂದೂ ಗೊತ್ತಿತ್ತು. ಆದರೆ ಆ ಪೆಟ್ಟಿಗೆಯ ಪ್ಲಗ್ಗನ್ನು ಗೋಡೆಯಿಂದ ಕಿತ್ತು, ವೈರು ಸುತ್ತಿ, ಪೂಜೆಗೆ ಸಿದ್ಧ ಮಾಡಿ ಇಟ್ಟು ಬಂದವಳು ಅವಳೇ.

ತಿರುಗಿ ನೋಡಿದಳು. ದೂರದಲ್ಲಿ ಅವಳು ಬಿಟ್ಟುಬಂದ ಆ ಮನೆ. ಪಡಸಾಲೆಯ ಕಿಟಕಿ ಕತ್ತಲು.

"ಬಾನೂ..."

ಜೀವ ಬಾಯಿಗೆ ಬಂತು. ನೋಡಿದರೆ ಅವಳಪ್ಪ ಸುಭಾನಸಾಬ, ಟಾರ್ಚು ಹಿಡಿದು ಎದುರು ಬರುತ್ತಿದ್ದ.

"ಯಾಕ ನಿಂತೀ? ಬಾವ್ಯಾಗೇನು ಬಂಗಾರ ಬಿದ್ದೈತೇನು?"

"ಅಬ್ಬಾ... ಈಗೊಂದು ಸಪ್ಪಳ ಕೇಳಿಸ್ತೇನು?"

"ಮಗ್ಗಾನ ನಿಂತಾವು. ಯಾತರ ಸಪ್ಪಳ? ನಡಿ, ರೊಟ್ಟಿ ಆರಿ ಹಪ್ಪಳ ಆಗ್ಯಾವು."

ಮೊದಲೇ ಮಾತು ಕಡಿಮೆಯ ಹುಡುಗಿ. ಅಪ್ಪನ ಅಂಗಿಯ ತುದಿ ಹಿಡಿದುಕೊಂಡು ನಡೆದಳಂತೆ, ಸಣ್ಣ ಕೂಸಿನ ಹಾಗೆ.

ಆ ಮನೆ ಯಮನಪ್ಪ ಮಾಸ್ತರರದ್ದು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದರು. ಹುಬ್ಬಳ್ಳಿಯ ಯಾವುದೋ ಆಫೀಸಿನವರು ಹಳೆಯ ಕಂಪ್ಯೂಟರ್ ಒಂದನ್ನು ತೆಗೆದುಹಾಕುತ್ತಾರೆ ಎಂದು ಕೇಳಿ, ಹೋಗಿ ತಂದುಬಿಟ್ಟರು. ಟಿವಿಯನ್ನೇ ಹತ್ತು ಮನೆಯವರು ಹಂಚಿಕೊಂಡು ನೋಡುವ ಕಾಲ ಅದು. ಮನೆಯಲ್ಲಿ ಕಂಪ್ಯೂಟರು! ಓಣಿಯ ಜನ ಬಾಗಿಲಲ್ಲಿ ನಿಂತು ಇಣುಕಿ, "ಇದರಾಗ ಸಿನಿಮಾ ಬರ್ತೈತೇನ್ರಿ ಸರ?" ಎಂದು ಕೇಳಿ, ಬರುವುದಿಲ್ಲ ಅಂದದ್ದಕ್ಕೆ ಮಾಸ್ತರರ ಮೇಲೆ ಮರುಕಪಟ್ಟು ಹೋಗಿದ್ದರು.

ಆಮೇಲೆ ಮಾಸ್ತರರಿಗೆ ಗಂಟಲು ಬೇನೆ ಬಂತು. ದವಾಖಾನೆಯಲ್ಲಿ ಕತ್ತರಿಸಿ ಕಳಿಸಿದರು. ಜೀವ ಉಳಿಯಿತು, ದನಿ ಹೋಯಿತು. ಗಂಟಲಲ್ಲಿ ಒಂದು ತೂತು, ಅದರಿಂದ ಉಸಿರು. ಏನಾದರೂ ಹೇಳಲು ಹೋದರೆ ಬರೀ ಗಾಳಿ... ಸ್‌ಸ್‌... ಅಷ್ಟೇ. ಅಡುಗೆಮನೆಯಲ್ಲಿದ್ದ ಹೆಂಡತಿ ಸಾವಿತ್ರೆವ್ವನಿಗೆ ಅದು ಕೇಳಿಸುವುದೆಲ್ಲಿ?

ಅದಕ್ಕೆ ಮಾಸ್ತರರು ಕಂಪ್ಯೂಟರಿಗೆ ಕೂಗುವುದನ್ನು ಕಲಿಸಿದರು. ತಾವೇ ಒಂದು ಪ್ರೋಗ್ರಾಮ್ ಬರೆದರು. ಯಂತ್ರ ಶುರುವಾದ ಕೂಡಲೇ ಅದು ತಾನಾಗಿ ಏಳುತ್ತಿತ್ತು, ಎದ್ದ ಕೂಡಲೇ ಒಂದು ಸಲ ಉದ್ದಕ್ಕೆ ಕೂಂ ಅನ್ನುತ್ತಿತ್ತು. ಅಂದರೆ, ಇಲ್ಲಿ ಬಾ. ಆಮೇಲೆ ಬೇರೆ ಬೇರೆ ಕೀಲಿ ಒತ್ತಿದರೆ ಬೇರೆ ಬೇರೆ ಕೂಗು. ಪೀ-ಪೀ, ಎರಡು ಗಿಡ್ಡ, ಅಂದರೆ ನೀರು ಬೇಕು. ಪಿ... ಪೀ... ಪೀಂ, ಮೆಟ್ಟಿಲು ಹತ್ತಿದ ಹಾಗೆ ಮೂರು, ಅಂದರೆ ದೀಪ ಆರಿಸು. ಮಾಸ್ತರರ ಕೊನೆಯವರೆಗೂ ಗಂಡ ಹೆಂಡತಿ ಈ ಮೂರೇ ಕೂಗಿನಲ್ಲಿ ಸಂಸಾರ ಮಾಡಿದರು. ಎಂಬತ್ತೇಳರ ದೀಪಾವಳಿಗೆ ಮುಂಚೆ ಅವರು ತೀರಿಕೊಂಡರು.

ಅವರ ತಮ್ಮ ಅಂದಪ್ಪ, ಅತ್ತಿಗೆ ಸಾವಿತ್ರೆವ್ವನನ್ನು ವೈನಿ ಅನ್ನುವವನು, ಅದೇ ಮನೆಯಲ್ಲಿ ಇದ್ದ. ಪ್ಯಾಟಿಯಲ್ಲಿ ಸೀರೆ ಅಂಗಡಿ. ಬೆಳಿಗ್ಗೆ ಹೋದರೆ ಅಂಗಡಿ ಮುಚ್ಚಿಯೇ ಬರುವವನು. ಸೆರಗಿನ ನಕ್ಷೆಯನ್ನು ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಮ್ ಒಂದು ಅವನಿಗೆ ಯಾರಿಂದಲೋ ಸಿಕ್ಕಿತ್ತು. ಅಣ್ಣನ ಕಂಪ್ಯೂಟರಿಗೆ ಹಾಕಿದರೆ ಅದು ಒಂದೇ ಸಾಲು ಬರೆದು ಕೂತುಬಿಟ್ಟಿತು: ಈ ಡಾಸ್ ಹಳೆಯದು, ನಡೆಯುವುದಿಲ್ಲ. ಡಾಸ್ ಅಂದರೆ ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ಪ್ರೋಗ್ರಾಮ್. ಹೊಸ ಡಾಸಿನ ಫ್ಲಾಪಿ ತರಿಸಿ, ಅಂದಪ್ಪ ನಮ್ಮ ಓಣಿಗೆ ಬಂದ. ಶಹರಬಾನು ಹುಬ್ಬಳ್ಳಿಯಲ್ಲಿ ಒಂದು ವರ್ಷ ಕಲಿತು ಬಂದು, ಗ್ರಾನೈಟ್ ಆಫೀಸಿನ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಳು.

"ಏನವಾ, ಕಲ್ಲಿನ ಆಫೀಸಿನಾಗ ಕೀಲಿ ಕುಟ್ತೀಯಂತ? ನಮ್ಮನ್ಯಾಗೂ ಒಂದು ಮುದುಕ ಕುಂತೈತಿ. ಅದಕ್ಕೊಂದು ಹೊಸಾ ತಲಿ ಹಚ್ಚಿಕೊಡು."

"ತಲಿ ಅಲ್ರಿ ಕಾಕಾ, ಸಿಸ್ಟಿಮ್."

"ಎರಡೂ ಒಂದ. ಮ್ಯಾಲ ಇರೂದು, ಕೆಟ್ಟರ ಮುಗೀತು."

ಮಹಾನವಮಿಯ ಹಿಂದಿನ ದಿನ ಮಧ್ಯಾಹ್ನ ಅವಳು ಹೋದಳು. ಅಂದಪ್ಪ ಫ್ಲಾಪಿ ಕೈಗೆ ಕೊಟ್ಟು ಅಂಗಡಿಗೆ ಹೊರಟುಹೋದ. ಅವಳು ಮೊದಲು ಸೀದಾ ದಾರಿಯಲ್ಲೇ ಪ್ರಯತ್ನಿಸಿದಳು. ಹಳೆಯ ಸಿಸ್ಟಿಮ್ ಇದ್ದ ಜಾಗದಲ್ಲೇ ಹೊಸದನ್ನು ಕೂಡಿಸುವುದು. ಆಗಲಿಲ್ಲ. ಹೊಸದು ದೊಡ್ಡದು, ಹಳೆಯದರ ಜಾಗ ಸಣ್ಣದು. ಜಾಗವಿಲ್ಲ ಎಂದು ಪರದೆ ಹೇಳಿತು. ಹಾಗಾದರೆ ಉಳಿದದ್ದು ಒಂದೇ ದಾರಿ. ಯಂತ್ರದ ಒಳಗಿನ ದೊಡ್ಡ ಡಿಸ್ಕನ್ನು ಪೂರ್ತಿ ಅಳಿಸಿ, ಹೊಸ ಸಿಸ್ಟಿಮ್ ಹಾಕಿ, ಆಮೇಲೆ ಬೇಕಾದ್ದನ್ನೆಲ್ಲ ಫ್ಲಾಪಿಯಿಂದ ವಾಪಸು ತುಂಬುವುದು.

ಇದನ್ನು ಅವಳು ಸಾವಿತ್ರೆವ್ವನಿಗೆ ಬಿಡಿಸಿ ಹೇಳಿದಳು. ಸಾವಿತ್ರೆವ್ವ ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಬಂದು ಕೂತಳು. ದನಿ ತಗ್ಗಿಸಿದಳು.

"ಪೂರಾ ಅಳಸ್ತಿ?"

"ಹೂಂರಿ ಅವ್ವಾರ. ಆದ್ರ ಮೊದಲ ನಕಲು ತಗೀತೇನಿ."

"ಅವರ ದನಿ?"

ಶಹರಬಾನುಗೆ ಅರ್ಥವಾಗಲಿಲ್ಲ.

"ಸಂಜಿ ತನಕಾ ಕುಂದ್ರು," ಅಂದಳು ಸಾವಿತ್ರೆವ್ವ. "ತಿಳೀತೈತಿ."

ದೀಪ ಹಚ್ಚುವ ಹೊತ್ತಾಯಿತು. ಸಾವಿತ್ರೆವ್ವ ಕಂಪ್ಯೂಟರನ್ನು ಆರಿಸಿ, ಸೆರಗು ಸರಿಮಾಡಿಕೊಂಡು, ತಾನೇ ಸ್ವಿಚ್ಚು ಒತ್ತಿದಳು. ಫ್ಯಾನು ಹೂಂ ಎಂದು ತಿರುಗಿತು. ಡಿಸ್ಕು ಕಟ-ಕಟ ಅಂದಿತು. ಶಹರಬಾನುಗೆ ಒಂದು ವಿಷಯ ಕಿವಿಗೆ ಬಿತ್ತು, ಅವಳ ಕಿವಿ ಅಂಥದ್ದು. ಆಫೀಸಿನ ಯಂತ್ರ ಶುರುವಾಗುವಾಗ ಮೊದಲಿಗೆ ಟಿಂ ಎಂದು ಒಂದು ಗಿಡ್ಡ ಸದ್ದು ಮಾಡುತ್ತದೆ, ಎಲ್ಲ ಯಂತ್ರವೂ ಮಾಡುತ್ತದೆ. ಇದು ಮಾಡಲಿಲ್ಲ. ಹಳೆಯದು ತಾನೇ, ಅಂದುಕೊಂಡು ಸುಮ್ಮನಾದಳು.

ಆಗ ಬಂತು. ಕೂಂ........

"ಬಂದೆರಿ," ಅಂದಳು ಸಾವಿತ್ರೆವ್ವ. ಕೂತಲ್ಲಿಂದಲೇ, ಮೆಲ್ಲಗೆ. ಆಮೇಲೆ ಹಣತೆ ಹಚ್ಚಿದಳು.

"ದಿನಾ ಹಿಂಗ ಒಂದ ಸಲ ಕರೀತಾರ. ನನಗ ಅಷ್ಟ ಸಾಕು. ಅಂದಪ್ಪಗ ಹೇಳಬ್ಯಾಡ ಮತ್ತ, ವೈನಿಗೆ ತಲಿ ಕೆಟ್ಟೈತಿ ಅಂತಾನ. ನೀ ಏನರ ಮಾಡು ತಂಗಿ... ಇದೊಂದು ಹೋಗಬಾರದು."

"ಹೋಗೂದಿಲ್ರಿ. ನಂದು ಜಿಮ್ಮಾ."

ಮಾತು ಕೊಟ್ಟಳು. ಕೂಗುವ ಪ್ರೋಗ್ರಾಮನ್ನು ಒಂದು ಫ್ಲಾಪಿಗೆ ಇಳಿಸಿದಳು, ಇಳಿದಿದೆಯೋ ಇಲ್ಲವೋ ಎಂದು ಮತ್ತೆ ಓದಿಸಿ ನೋಡಿದಳು. ಇಳಿದಿತ್ತು. ಫ್ಲಾಪಿಯನ್ನು ಕಾಗದದ ಚೀಲಕ್ಕೆ ಹಾಕಿ ಸಾವಿತ್ರೆವ್ವನ ಕೈಗೆ ಕೊಟ್ಟು ಹೇಳಿದಳು: "ಮಾಸ್ತರ ದನಿ ಇದರಾಗೈತ್ರಿ. ಜ್ವಾಕಿ."

ಆವತ್ತೇ ಅಳಿಸಿ ಮುಗಿಸಿದ್ದರೆ ಆಗುತ್ತಿತ್ತು. ಆದರೆ ಸಾವಿತ್ರೆವ್ವ ಬಿಡಲಿಲ್ಲ. "ನಾಳೆ ಖಂಡೇ ಪೂಜಿ. ಇನ್ನ ಸಾಮಾನು ಮುಟ್ಟಬಾರದು. ಬನ್ನಿ ಕೊಟ್ಟ ಮ್ಯಾಲ ಮಾಡೀಯಂತ." ಕುಡುಗೋಲು, ಒನಕೆ, ಅಂದಪ್ಪನ ಗಜಕಡ್ಡಿ, ಕತ್ತರಿ... ಎಲ್ಲದರ ಜೊತೆ ಕಂಪ್ಯೂಟರೂ ಪೂಜೆಗೆ ಕೂತಿತು. ಶಹರಬಾನು ಪ್ಲಗ್ಗು ಕಿತ್ತು, ವೈರು ಸುತ್ತಿ ಹೊರಟಳು. ಹಾಗೆ ಹೊರಟವಳಿಗೇ ಬಾವಿಯ ಹತ್ತಿರ ಆ ಕೂಗು ಕೇಳಿಸಿದ್ದು.

ಬನ್ನಿಯ ದಿನ, ವಿಜಯದಶಮಿಯ ಸಂಜೆ, ಮತ್ತೆ ಹೋದಳು. ಮನಸ್ಸಿರಲಿಲ್ಲ, ಮಾತು ಕೊಟ್ಟಾಗಿತ್ತು. ಅಂದಪ್ಪ ಬನ್ನಿ ಕೊಡಲು ಹುನಗುಂದದ ಬೀಗರ ಮನೆಗೆ ಹೋಗಿದ್ದ. ಮನೆಯಲ್ಲಿ ಸಾವಿತ್ರೆವ್ವ ಒಬ್ಬಳೇ. ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, "ಬಂಗಾರದಂಗ ಇರು ತಂಗಿ," ಅಂದಳು.

ಕಂಪ್ಯೂಟರಿನ ಹಣೆಗೆ ಕುಂಕುಮ, ಒಂದು ಚೆಂಡುಹೂ. ಹೂವನ್ನು ಸರಿಸಿ ಶಹರಬಾನು ಕೂತಳು. ಪ್ಲಗ್ಗು ಚುಚ್ಚಿದಳು. ಹೊಸ ಡಾಸಿನ ಫ್ಲಾಪಿ ಹಾಕಿ ಅದರಿಂದಲೇ ಯಂತ್ರ ಎಬ್ಬಿಸಿದಳು. ಮಾಸ್ತರರ ಪ್ರೋಗ್ರಾಮ್ ಈ ಸಲ ಏಳುವಂತಿರಲಿಲ್ಲ, ಕೂಗೂ ಬರಲಿಲ್ಲ. ಅಳಿಸಲೇ ಎಂದು ಪರದೆ ಕೇಳಿತು. ಹೌದು ಅಂದಳು.

ಕಟ್... ಕಟ್... ಕಟ್... ಒಂದೊಂದೇ ಗೆರೆ ಅಳಿಯುತ್ತ ಹೋಯಿತು. ಹೊರಗೆ ಮಗ್ಗದ ಸಪ್ಪಳ ಇನ್ನೂ ಶುರುವಾಗಿರಲಿಲ್ಲ. ಅಡುಗೆಮನೆಯಲ್ಲಿ ಹೋಳಿಗೆಯ ಹಂಚು ಚುರ್ ಅನ್ನುತ್ತಿತ್ತು. ಅಳಿಸಿ ಮುಗಿಯಿತು. ಹೊಸ ಸಿಸ್ಟಿಮ್ ಕೂತಿತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ ನೋಡಿದಳು. ಫ್ಲಾಪಿ ಇಲ್ಲದೆಯೇ ಎದ್ದು ನಿಂತಿತು, ಒಂದು ಗಿಡ್ಡ ಸದ್ದೂ ಇಲ್ಲದೆ. ಸರಿಯಾಗೇ ಇತ್ತು ಎಲ್ಲ. ಅವಳ ಎದೆ ಹಗುರಾಯಿತು.

ಇನ್ನು ಮಾಸ್ತರರ ಫ್ಲಾಪಿ. ಚೀಲದಿಂದ ಅರ್ಧ ಎಳೆದು, ಕಣ್ಣು ಪರದೆಯ ಮೇಲೇ ಇಟ್ಟು, ಯಂತ್ರದ ಬಾಯಿಗೆ ತುರುಕಿ ಹಿಡಿಕೆ ಇಳಿಸಿದಳು. ಟಕ್.

ಕರ್‌ರ್‌ರ್... ಕಟ್.

ಕರ್‌ರ್‌ರ್... ಕಟ್.

ಹಲ್ಲು ಕಡಿದ ಹಾಗೆ. ಓದಲಾಗುತ್ತಿಲ್ಲ ಅಂದಿತು ಪರದೆ. ಬಿಡಲೇ, ಮತ್ತೆ ನೋಡಲೇ, ಎಂದು ಕೇಳಿತು. ಮತ್ತೆ ನೋಡು ಅಂದಳು. ಕರ್‌ರ್‌ರ್... ಕಟ್. ಮತ್ತೆ. ಮತ್ತೆ. ಅಂಗೈ ಬೆವೆತಿತ್ತು, ಕೀಲಿಯ ಮೇಲೆ ಬೆರಳು ಜಾರುತ್ತಿತ್ತು.

ಹಿಡಿಕೆ ಎತ್ತಿ ಫ್ಲಾಪಿ ಹೊರಗೆಳೆದಳು. ದೀಪದ ಕೆಳಗೆ ಹಿಡಿದು ನೋಡಿದಳು.

ಫ್ಲಾಪಿಯ ಮೈಮೇಲೆ ಒಂದು ಉದ್ದ ಕಿಂಡಿ ಇರುತ್ತದೆ, ಒಳಗಿನ ಕರಿ ತಟ್ಟೆ ಅಲ್ಲಿ ಬರಿಮೈಯಾಗಿ ಕಾಣುತ್ತದೆ. ಉಗುರು ಕೂಡ ತಾಗಿಸಬಾರದ ಜಾಗ. ಆ ಕಿಂಡಿಯ ಮೇಲೆ ಅಡ್ಡಡ್ಡ ಮೂರು ಬಿಳಿ ಗೆರೆ. ಮೂರು ಬೆರಳಿನ ಅಗಲ. ಒದ್ದೆ ಮಾಡಿ ಹಚ್ಚಿ ಒಣಗಿದ ವಿಭೂತಿ.

"ಅವ್ವಾರ..." "ಇದಕ್ಕ... ಏನು ಹಚ್ಚೀರಿ?"

ಸಾವಿತ್ರೆವ್ವ ಕೈ ಒರೆಸಿಕೊಳ್ಳುತ್ತ ಬಂದಳು. ಮುಖ ಅರಳಿತ್ತು.

"ವಿಭೂತಿ, ಮತ್ತೇನು? ಉಳಿದ ಫ್ಲಾಪಿಗೆಲ್ಲ ಕಾಗದದ ಚೀಲದ ಮ್ಯಾಲ ಹಚ್ಚಿದೆ. ಇದಕ್ಕ ಮಾತ್ರ ಚೀಲದಿಂದ ತಗದು ಹಚ್ಚೇನಿ. ನೀನ ಹೇಳಿದ್ದಿ ಅಲ್ಲಾ, ಅವರ ದನಿ ಇದರಾಗೈತಿ ಅಂತ. ಅವರ ಹಣೀಗೆ ಕಾಗದದ ಮ್ಯಾಲಿಂದ ಹಚ್ಚಿದರ ಮುಟ್ಟತೈತೇನು?"

ಶಹರಬಾನು ಫ್ಲಾಪಿಯನ್ನು ಮೇಜಿನ ಮೇಲೆ ಇಟ್ಟಳು. ಯಂತ್ರದೊಳಗೆ ಇದ್ದದ್ದನ್ನು ತಾನೇ ಅಳಿಸಿದ್ದಾಳೆ. ಹೊರಗೆ ಇದ್ದದ್ದು ಇದು. ಮೂರನೆಯದಿಲ್ಲ. ಅಳಿಸುವ ಮುಂಚೆ ಇನ್ನೊಮ್ಮೆ ಓದಿಸಿ ನೋಡಬೇಕಿತ್ತು... ನೋಡಲಿಲ್ಲ. ಇದನ್ನೆಲ್ಲ ಈ ಮುಖಕ್ಕೆ ಹೇಗೆ ಹೇಳುವುದು?

"ಅವ್ವಾರ, ನಾ ಒಂದು..."

ಕರೆಂಟು ಹೋಯಿತು.

ಫ್ಯಾನಿನ ಹೂಂ ಇಳಿಯುತ್ತ, ಇಳಿಯುತ್ತ... ನಿಂತಿತು. ಪರದೆಯ ನಡುವೆ ಒಂದು ಹಸಿರು ಚುಕ್ಕಿ ಉಳಿದು, ಅದೂ ಆರಿತು. ಸಾವಿತ್ರೆವ್ವ ಚಿಮಣಿ ಹಚ್ಚಿ ತಂದಳು. ಗೋಡೆಯ ಮೇಲೆ ಇಬ್ಬರ ನೆರಳು ಅಲ್ಲಾಡಿತು.

"ಬರ್ತೈತಿ ಬಿಡು, ಹಬ್ಬದಾಗ ಹಿಂಗ. ಏನು ಹೇಳಾಕ್ಹತ್ತಿದ್ದಿ?"

ಶಹರಬಾನು ಫ್ಲಾಪಿಯ ಕಡೆ ಕೈ ತೋರಿಸಿದಳು.

ಆಗ...

ಕೂಂ........

ಒಂದು ಮೊಳ ದೂರದಿಂದ. ಪೆಟ್ಟಿಗೆಯಿಂದ.

"ಬಂದೆರಿ," ಅಂದಳು ಸಾವಿತ್ರೆವ್ವ. ಆಮೇಲೆ ನಕ್ಕು, "ನೋಡು, ಕೂಡ್ರಿಸಿಬಿಟ್ಟೀ! ಭಾಳ ಶಾಣೇಕಿ ನೀ. ನಂಗ ಒಳಗ ಅಂಜಿಕಿ ಇತ್ತು, ಎಲ್ಲಿ ಹೋಗಿಬಿಡ್ತೈತೋ ಅಂತ."

ಶಹರಬಾನು ಕೈ ಚಾಚಿ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟಳು. ಅಲುಗಾಟವಿಲ್ಲ. ಗಾಳಿ ಇಲ್ಲ. ಹಿಂದೆ ಮುಟ್ಟಿ ನೋಡಿದಳು. ಫ್ಯಾನು ನಿಂತಿತ್ತು.

"ಅವ್ವಾರ," ಪಿಸುಗುಟ್ಟಿದಳು. "ಕರೆಂಟ್ ಇಲ್ರಿ."

"ಹೂಂ." ಸಾವಿತ್ರೆವ್ವನೂ ಪಿಸುಗುಟ್ಟಿದಳು, ಮಲಗಿದವರನ್ನು ಎಬ್ಬಿಸಬಾರದು ಅನ್ನುವ ಹಾಗೆ. "ಒಮ್ಮೊಮ್ಮೆ ಇಲ್ಲದಾಗೂ ಕರೀತಾರ."

ಪೀ-ಪೀ.

ಎರಡು ಗಿಡ್ಡ. ಈಗ ಕೀಲಿ ಒತ್ತಿದವರು ಯಾರೂ ಇರಲಿಲ್ಲ. ಶಹರಬಾನುವಿನ ಎರಡೂ ಕೈ ಅವಳ ಮಡಿಲಲ್ಲಿದ್ದವು. ಅವಳು ಅವನ್ನೇ ನೋಡುತ್ತಿದ್ದಳು.

ಸಾವಿತ್ರೆವ್ವ ಎದ್ದಳು. ಒಳಗೆ ಕೊಡದ ಮುಚ್ಚಳದ ಸದ್ದು, ಠಣ್. ನೀರು ಮೊಗೆದ ಸದ್ದು. ತಂಬಿಗೆಯಲ್ಲ, ವಾಟೆಯಲ್ಲಿ, ಕುಡಿಯುವ ಲೋಟದಲ್ಲಿ, ತಂದಳು. ಕೀಬೋರ್ಡಿನ ಬಲಕ್ಕೆ ಇಟ್ಟಳು. ಇಡುವಾಗ ಚೂರು ತುಳುಕಿತು.

ಪಿ... ಪೀ... ಪೀಂ.

"ಅವ್ವಾರ ಬ್ಯಾಡ್ರಿ," ಶಹರಬಾನು ಅವಳ ಕೈ ಹಿಡಿದಳು. "ದೀಪ ಆರಸಬ್ಯಾಡ್ರಿ... ನಿಮ್ಮ ಕಾಲ ಬೀಳ್ತೇನಿ."

"ಹೆದರಬ್ಯಾಡ. ಕಣ್ಣಿಗೆ ಚುಚ್ಚತೈತಿ ಅವರಿಗೆ. ಮೊದಲಿಂದಾನೂ ಹಂಗ."

ಉಫ್.

ಕತ್ತಲು. ಬತ್ತಿಯ ಹೊಗೆಯ ವಾಸನೆ. ಶಹರಬಾನು ಸಾವಿತ್ರೆವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ತನ್ನ ಉಸಿರನ್ನು ಬಿಗಿಹಿಡಿದಿದ್ದಳು. ಸಾವಿತ್ರೆವ್ವನ ಉಸಿರು ಎಡಕ್ಕೆ ಕೇಳುತ್ತಿತ್ತು, ನಿಧಾನ.

ಎದುರಿಗೆ ಇನ್ನೊಂದು ಕೇಳುತ್ತಿತ್ತು.

ಸ್‌ಸ್‌... ಸ್‌ಸ್‌... ಮೂಗಿನಿಂದ ಬಂದದ್ದಲ್ಲ, ಬಾಯಿಂದಲೂ ಅಲ್ಲ. ಸಣ್ಣ ತೂತಿನಿಂದ ಗಾಳಿ ಹೋಗಿ ಬಂದ ಹಾಗೆ. ಆಮೇಲೆ ಒಂದು ಗುಟುಕು. ಗುಳಕ್. ಅದರ ಹಿಂದೆಯೇ ಮತ್ತೆ ಸ್‌ಸ್‌... ನೆಲದ ಮೇಲೆ ಒಂದು ಹನಿ ಬಿದ್ದ ಸದ್ದು. ಟಪ್.

ಎಷ್ಟು ಹೊತ್ತೋ... ಕರೆಂಟು ಬಂತು.

ದೀಪ ಹತ್ತಿತು. ಫ್ಯಾನು ತಿರುಗಿತು. ಹೊಸ ಸಿಸ್ಟಿಮ್ ತಾನಾಗಿ ಎದ್ದು, ಇವತ್ತಿನ ತಾರೀಖು ಏನು ಎಂದು ಕೇಳುತ್ತ ನಿಂತಿತು. ಕುರ್ಚಿಯ ಎದುರು ಯಾರೂ ಇರಲಿಲ್ಲ. ಕೀಬೋರ್ಡಿನ ಬಲಕ್ಕೆ ಮೇಜಿನ ಮೇಲೆ ಒಂದು ನೀರಿನ ಬಳೆ, ವಾಟೆ ಕೂತಿದ್ದ ಗುರುತು. ವಾಟೆ ಎಡಕ್ಕೆ ಇತ್ತು.

"ನಾ ಯಾವಾಗ್ಲೂ ಬಲಕ್ಕ ಇಡ್ತೇನಿ," ಅಂದಳು ಸಾವಿತ್ರೆವ್ವ ಅದನ್ನು ಎತ್ತಿಕೊಳ್ಳುತ್ತ. "ಅವರು ಎಡಕ್ಕ ಸರಸ್ತಾರ. ಎಡಚ."

ಆ ರಾತ್ರಿ ಶಹರಬಾನು ಬಾವಿಯ ದಾರಿಯಲ್ಲಿ ಬರಲಿಲ್ಲ. ಪ್ಯಾಟಿ ಸುತ್ತಿಕೊಂಡು, ಬಸ್‌ಸ್ಟ್ಯಾಂಡಿನ ದೀಪದ ಕೆಳಗಿಂದ ಬಂದಳು.

ಮರುದಿನ ಹಾಡಹಗಲು ಮತ್ತೆ ಹೋದಳು. ಹೋಗದೆ ಗತಿ ಇರಲಿಲ್ಲ. ಹೇಳಬೇಕಿತ್ತು, ಪ್ರೋಗ್ರಾಮ್ ಹೋಗಿದೆ, ನನ್ನಿಂದ ಹೋಯಿತು ಎಂದು. ಅದಕ್ಕೂ ಮುಂಚೆ ಒಂದು ಕೊನೆಯ ಆಸೆ. ಫ್ಲಾಪಿ ಓದುವ ಮುಳ್ಳಿಗೆ ವಿಭೂತಿ ಮೆತ್ತಿರುತ್ತದೆ. ಅದನ್ನು ಒರೆಸಿ, ಫ್ಲಾಪಿಯನ್ನೂ ಒರೆಸಿ ಇನ್ನೊಮ್ಮೆ ಓದಿಸಿದರೆ? ಆಫೀಸಿನಿಂದ ಸ್ಪಿರಿಟ್ಟು, ಹತ್ತಿ, ಸ್ಕ್ರೂಡ್ರೈವರು ತಂದಿದ್ದಳು.

ಸಾವಿತ್ರೆವ್ವ ಗುಡಿಗೆ ಹೋಗಿದ್ದಳು. ಅಂದಪ್ಪ ಇದ್ದ. ರಾತ್ರಿ ಬಂದವನು ಬೆಳಿಗ್ಗೆಯೇ ಸೆರಗಿನ ನಕ್ಷೆ ಹಾಕಿ ನೋಡಿ ಖುಷಿಯಾಗಿದ್ದ.

"ನೋಡ ಇಲ್ಲೆ, ಸೆರಗಿನಾಗ ತೆನಿ ಹೆಂಗ ಬಂದಾವು! ಮುದುಕಗ ಹರೇ ತಂದೀ ನೀ. ಮತ್ಯಾಕ ಹೊಟ್ಟಿ ಕೊಯ್ಯಾಕ್ಹತ್ತಿ?"

"ಬೂದಿ ಹೊಕ್ಕೈತ್ರಿ ಕಾಕಾ. ಟಾರ್ಚ್ ಹಿಡೀರಿ."

ಮುಚ್ಚಳ ಎತ್ತಿದಳು. ಒಳಗೆ ಧೂಳು, ಒಂದು ಸತ್ತ ಹಲ್ಲಿಮರಿ. ಮುಳ್ಳನ್ನು ಸ್ಪಿರಿಟ್ಟಿನಿಂದ ಒರೆಸಿದಳು, ಹತ್ತಿ ಬೆಳ್ಳಗಾಯಿತು. ಫ್ಲಾಪಿಯ ಕಿಂಡಿಯಲ್ಲಿ ಕೈಯಿಂದ ತಟ್ಟೆ ತಿರುಗಿಸಿ ನೋಡಿದಳು. ಸುತ್ತಲೂ ಉಂಗುರ ಉಂಗುರವಾಗಿ ಗೀರು. ಉಪಯೋಗವಿರಲಿಲ್ಲ. ಮಾಸ್ತರರ ಪ್ರೋಗ್ರಾಮ್ ಇನ್ನು ಈ ಭೂಮಿಯ ಮೇಲೆ ಎಲ್ಲೂ ಇಲ್ಲ.

ಟಾರ್ಚಿನ ಬೆಳಕು ಅಲುಗಿ ಪೆಟ್ಟಿಗೆಯ ಮುಂದಿನ ಮೂಲೆಗೆ ಬಿತ್ತು. ಅಲ್ಲಿ ಒಂದು ಸಣ್ಣ ಸ್ಪೀಕರು, ಅಂಗೈಯಷ್ಟು. ಯಂತ್ರದ ಟಿಂ, ಕೂಂ ಎಲ್ಲ ಬರಬೇಕಾದದ್ದು ಅದರಿಂದಲೇ. ಅದರಿಂದ ಎರಡು ಎಳೆ ವೈರು, ಒಂದು ಕೆಂಪು, ಒಂದು ಕಪ್ಪು. ವೈರಿನ ತುದಿ ಎಲ್ಲಿಗೂ ಹೋಗಿರಲಿಲ್ಲ. ಸುರುಳಿ ಸುತ್ತಿ, ಸೀರೆ ಕಟ್ಟುವ ಸಣ್ಣ ದಾರದಿಂದ ಕಟ್ಟಿ, ಮೂಲೆಗೆ ತುರುಕಿತ್ತು. ಅದರ ಮೇಲೆ ಜೇಡರ ಬಲೆ, ಬಲೆಯ ಮೇಲೆ ಧೂಳು.

"ಕಾಕಾ," ಅಂದಳು. "ಇದು ಯಾರು ಬಿಚ್ಚಿದ್ದು?"

ಅಂದಪ್ಪ ಬಾಗಿಲ ಕಡೆ ನೋಡಿದ. ದನಿ ಸಣ್ಣದಾಯಿತು.

"ನಾನವಾ. ಅಣ್ಣನ್ನ ಮಣ್ಣು ಮಾಡಿ ಬಂದ ಮೂರನೇ ದಿನ ವೈನಿ ಇದನ್ನ ಹಚ್ಚಿದ್ರು. ಕೂಂ ಅಂತು. ಎದಿ ಬಡಕೊಂಡು ಅತ್ತರು ನೋಡು... ನೋಡೂದಾಗಲಿಲ್ಲ. ರಾತ್ರಿ ಅವರು ಮಲಗಿದ ಮ್ಯಾಲ ಬಿಚ್ಚಿ, ವೈರ್ ಕಿತ್ತು ಕಟ್ಟಿ ಇಟ್ಟೆ. ಕೂಗು ನಿಂತಿತಲ್ಲಾ, ಎಲ್ಲಿ ಜಗಳಾ ತಗೀತಾರೋ ಅಂದ್ಕೊಂಡಿದ್ದೆ. ಒಂದು ಮಾತೂ ಕೇಳಲಿಲ್ಲ. ಪಾಪ, ಮರತಾರ."

ಶಹರಬಾನು ಸುರುಳಿಯ ಮೇಲಿನ ಧೂಳನ್ನೇ ನೋಡುತ್ತಿದ್ದಳು.

"ಹಚ್ಚಿಬಿಡ್ಲ್ಯಾ ಈಗ? ವರ್ಷಾತು, ಇನ್ನ ಅಳೂದಿಲ್ಲ."

"ಬ್ಯಾಡ್ರಿ," ಅಂದಳು. ಬಹಳ ಬೇಗ ಅಂದಳಂತೆ.

ಅಂದಪ್ಪ ಅಂಗಡಿಗೆ ಹೋದ. ಸಾವಿತ್ರೆವ್ವ ಗುಡಿಯಿಂದ ಬಂದಳು, ಊಟಕ್ಕೆ ಬಡಿಸಿದಳು, ಕೂರು ಅಂದಳು. ಶಹರಬಾನು ಕೂತಳು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಈಗ ಅದನ್ನು ಹೇಳುವುದಾದರೂ ಹೇಗೆ? ಏನು ಹೋಯಿತು ಅಂತ ಹೇಳುವುದು? ಮುಚ್ಚಳವನ್ನು ಅವಳು ಸ್ಕ್ರೂ ಹಾಕದೆ, ಅರ್ಧ ಸರಿಸಿ ಬಿಟ್ಟಿದ್ದಳು. ಕೂತಲ್ಲಿಂದ ಕೆಂಪು ಕಪ್ಪು ವೈರಿನ ಸುರುಳಿ ಕಾಣುತ್ತಿತ್ತು.

ಓಣಿಯಲ್ಲಿ ಮಗ್ಗಗಳು ಮತ್ತೆ ಶುರುವಾಗಿದ್ದವು. ಲಟಕ್-ಪಟಕ್, ಲಟಕ್-ಪಟಕ್.

ದೀಪ ಹಚ್ಚುವ ಹೊತ್ತಿಗೆ ಸಾವಿತ್ರೆವ್ವ ಬಂದಳು. ಸೆರಗು ಸರಿಮಾಡಿಕೊಂಡಳು. ಸ್ವಿಚ್ಚು ಒತ್ತಿದಳು. ಫ್ಯಾನು ತಿರುಗಿತು. ಡಿಸ್ಕು ಕಟ-ಕಟ ಅಂದಿತು. ಶಹರಬಾನು ಆ ಸುರುಳಿಯ ಮೇಲಿಂದ ಕಣ್ಣು ಕೀಳಲಿಲ್ಲ.

ಕೂಂ........

"ಬಂದೆರಿ," ಅಂದಳು ಸಾವಿತ್ರೆವ್ವ.

ವೈರಿನ ಮೇಲಿನ ಜೇಡರ ಬಲೆ ಅಲುಗಲಿಲ್ಲ.

ಖರೆ ಮಾತು ಇದು. ಶಹರಬಾನು ಸುಳ್ಳು ಕಟ್ಟುವವಳಲ್ಲ. ಕೇಳಿದ್ದಕ್ಕೇ ಉತ್ತರ ಕೊಡಲು ಹತ್ತು ಸಲ ಯೋಚಿಸುವ ಹುಡುಗಿ, ಇಲ್ಲದ್ದನ್ನು ಎಲ್ಲಿಂದ ತಂದಾಳು? ಅವಳು ಆ ಸಂಜೆ ಮುಚ್ಚಳ ಕೂಡಿಸಿ ಸ್ಕ್ರೂ ತಿರುಗಿಸಿ ಬಂದಳು. ಬೇಕಿದ್ದರೆ ನಾಳೆ ಹಗಲಿನಲ್ಲಿ ಹೋಗಿ ಬಿಚ್ಚಿ ನೋಡಿ. ವೈರಿಗೆ ಕಟ್ಟಿದ ಆ ಸೀರೆಯ ದಾರ ಇನ್ನೂ ಹಾಗೇ ಇದೆ.